ಎದೆಗೂಡು ಒಳಗೆ ಕುಸಿದಿದ್ದರೆ ಚರ್ಮದಡಿಯ ಡಿಫಿಬ್ರಿಲೇಟರ್ ಹಾಕಬಹುದಾ?

ಬಹಳ ಜನರಿಗೆ ಹಾಕಬಹುದು, ಆದರೆ ಅಳತೆ ನೋಡಿಯೇ. ಹೃದಯದ ಬಡಿತ ಅಪಾಯಕಾರಿಯಾಗಿ ತಪ್ಪಿದಾಗ ಶಾಕ್ ಕೊಟ್ಟು ಸರಿಪಡಿಸುವ ಈ ಸಾಧನದ ತಂತಿ ಹೃದಯದೊಳಗೆ ಹೋಗುವುದಿಲ್ಲ. ಡಬ್ಬಿ ಎಡ ಕಂಕುಳ ಕೆಳಗೆ ಪಕ್ಕೆಯಲ್ಲಿ ಕೂರುತ್ತದೆ, ತಂತಿ ಎದೆಮೂಳೆಯ ಪಕ್ಕ ಚರ್ಮದಡಿ ಸಾಗುತ್ತದೆ. 80 ಜೂಲ್ ಶಾಕ್ ಇವೆರಡರ ನಡುವೆ ಹರಿಯುವಾಗ ಹೃದಯ ಆ ದಾರಿಯಲ್ಲೇ ಇರಬೇಕು, ಅಲ್ವಾ?

ತೊಡಕು ಇಲ್ಲೇ. ಎದೆಮೂಳೆ ಗುಳಿಬಿದ್ದಾಗ ಅದು ಹೃದಯವನ್ನು ಎಡಕ್ಕೆ ತಳ್ಳಿ ಸ್ವಲ್ಪ ತಿರುಗಿಸಿರುತ್ತದೆ. ಮಾಮೂಲಿ ಜಾಗದಲ್ಲಿ ಸುಮ್ನೆ ಹಾಕಿದರೆ ಶಾಕ್ ಸರಿಯಾಗಿ ತಾಗದೇ ಇರಬಹುದು. ಅದಕ್ಕೇ ಮೊದಲು ಎಕ್ಸ್‌ರೇ ಅಥವಾ ಸಿಟಿ ನೋಡುತ್ತಾರೆ. ಇಸಿಜಿ ಪಟ್ಟಿಗಳನ್ನು ಎದೆಮೂಳೆಯ ಎಡಕ್ಕೂ ಬಲಕ್ಕೂ ಅಂಟಿಸಿ, ಮಲಗಿಸಿ, ನಿಲ್ಲಿಸಿ ಹೃದಯದ ವಿದ್ಯುತ್ ಸಿಗ್ನಲ್ ಪರೀಕ್ಷಿಸುತ್ತಾರೆ. ಹಾಕಿದ ಮೇಲೆ ಶಾಕ್ ಪರೀಕ್ಷೆಯನ್ನು (ಸಾಧನದ ಶಾಕ್ ಕೆಲಸ ಮಾಡುತ್ತದಾ ಎಂದು ನೋಡುವುದನ್ನು) ಇಂಥವರಲ್ಲಿ ಬಿಡಬಾರದು ಅನ್ನುವುದು ನನ್ನ ಅಭಿಪ್ರಾಯ. ಎದೆ ಎತ್ತಲು ಲೋಹದ ಪಟ್ಟಿ ಹಾಕಿಸಿದ್ದರೆ ಮೊದಲೇ ಹೇಳಿ.