ಮಾಡೆಲ್ ರೈಲ್ವೆಯ ಕಟ್ಟಡಗಳಿಗೆ ಯಾವ ಲೈಟ್? ಮೊದಲು ಒಳಗೋಡೆಗೆ ಕಪ್ಪು ಬಣ್ಣ ಹೊಡೆಯಿರಿ

ಈಗಿನ ಕಾಲದ ಒಂದು ಊರು, ಎಚ್‌ಒ ಸ್ಕೇಲು (ನಿಜದ ಅಳತೆಯ 87ನೇ ಒಂದು ಭಾಗ), ಎಂಟು ಕಟ್ಟಡ. ಪುಟಾಣಿ ಬಲ್ಬೋ, ಬಿಡಿ ಎಲ್‌ಇಡಿಯೋ, ಎಲ್‌ಇಡಿಗಳು ಸಾಲಾಗಿ ಕೂತ ಸ್ಟ್ರಿಪ್ಪೋ ಅಂತ ಕೇಳಿದ್ದೀರಿ. ಇದೇ ಮೂರನ್ನು ಮುಂದಿಟ್ಟುಕೊಂಡು ನಾನೂ ತಲೆ ಕೆಡಿಸಿಕೊಂಡಿದ್ದೆ. ಸ್ಟ್ರಿಪ್ ಅಗ್ಗ, ಹಿಂದೆ ಗಮ್ ಇರುತ್ತದೆ, ಬೆಸುಗೆ ಕಮ್ಮಿ ಅಂತ ಅದನ್ನೇ ತಂದೆ. ಕೆಲಸ ಕೆಟ್ಟಿದ್ದು ಮಾತ್ರ ಬೇರೆ ಕಡೆ.

ನನ್ನದು ಸಕಲೇಶಪುರ ಘಟ್ಟದ ಹಳೇ ಮೀಟರ್ ಗೇಜ್ ಲೈನಿನ ಸ್ಟೇಷನ್. 1996ರಲ್ಲಿ ಬ್ರಾಡ್ ಗೇಜ್ ಮಾಡೋಕೆ ಅಂತ ಮುಚ್ಚಿದರಲ್ಲ, ಅದಕ್ಕೂ ಮುಂಚಿನ ಕಾಲದ್ದು. ಎಚ್‌ಒ ಅಂದರೆ 1:87, ಹಾಗಾಗಿ ಒಂದು ಮೀಟರ್ ಅಂತರದ ಹಳಿಗಳ ನಡುವೆ ಇಲ್ಲಿ ಸುಮಾರು 12 ಮಿ.ಮೀ. ಗೋಡೆ ಪ್ಲಾಸ್ಟಿಕ್ ಶೀಟಿನದು. ಮೇಲೆ ಮಂಗಳೂರು ಹೆಂಚು ಬೇಕಲ್ವಾ, ಗೀರು ಹಾಕಿದ ಕಾಗದದ ಪಟ್ಟಿಗಳನ್ನು ಕೆಳಗಿನಿಂದ ಸಾಲು ಸಾಲಾಗಿ ಒಂದರ ಮೇಲೊಂದು ಅಂಟಿಸುತ್ತಾ ಹೋದೆ. ಕಣ್ಣು ನೋಯುವ ಕೆಲಸ.

12 ವೋಲ್ಟಿನ ಸ್ಟ್ರಿಪ್ಪನ್ನು ಮೂರು ಮೂರು ಎಲ್‌ಇಡಿಗೆ ಒಂದು ತುಂಡಿನಂತೆ ಗುರುತಿದ್ದಲ್ಲಿ ಕತ್ತರಿಸಿ, ಚಾವಣಿಯ ಒಳಮೈಗೆ ಅಂಟಿಸಿದೆ. ಟ್ಯೂಬ್‌ಲೈಟ್ ಉರಿಯುತ್ತಿದ್ದ ರೂಮಿನಲ್ಲೇ ಹಚ್ಚಿ ನೋಡಿದೆ. ಕಿಟಕಿ ಹೊಳೆಯಿತು, ಸರಿ ಅಂತ ಸೂಪರ್ ಗ್ಲೂ ಹಾಕಿ ಚಾವಣಿ ಕೂರಿಸಿಬಿಟ್ಟೆ. ರಾತ್ರಿ ರೂಮಿನ ಟ್ಯೂಬ್‌ಲೈಟ್ ಆರಿಸಿ ನೋಡಿದರೆ ಕಿಟಕಿ ಯಾವುದು, ಗೋಡೆ ಯಾವುದು ಗೊತ್ತಾಗುತ್ತಿಲ್ಲ. ಇಡೀ ಸ್ಟೇಷನ್ನು ದೀಪಾವಳಿಯ ಆಕಾಶಬುಟ್ಟಿ ಆಗಿತ್ತು. ಮೂಲೆಗಳ ಸಂದಿಯಲ್ಲಿ ಗೆರೆ ಎಳೆದ ಹಾಗೆ ಬೆಳಕು, ಗೋಡೆಯ ಬುಡದಿಂದ ಪ್ಲಾಟ್‌ಫಾರಂ ಮೇಲೂ ಒಂದು ಗೆರೆ. ಟಿಕೆಟ್ ಕೌಂಟರ್ ಪಕ್ಕದಲ್ಲಿ ವೈರ್ ಎಲ್ಲಿಂದ ಇಳಿದಿದೆ ಅನ್ನೋದು ಹೊರಗಿನಿಂದಲೇ ಕಾಣುತ್ತಿತ್ತು.

ಯಾಕೆ ಹೀಗಾಯ್ತು ಅಂತ ಬಿಡಿಸಿ ಹೇಳುತ್ತೇನೆ, ಉದ್ದವಾದರೂ ಓದಿ. ತೆಳು ಪ್ಲಾಸ್ಟಿಕ್ ಬೆಳಕನ್ನು ತಡೆಯುವುದಿಲ್ಲ. ಹೊರಗೆ ಬಣ್ಣ ಹೊಡೆದಿದ್ದರೂ ಅಷ್ಟೇ, ತಿಳಿ ಹಳದಿಯಂಥ ಬಣ್ಣವಾದರಂತೂ ಇನ್ನೂ ಜಾಸ್ತಿ ಸೋರುತ್ತದೆ. ಒಳಗಡೆ ಮೊದಲು ಕಪ್ಪು ಹೊಡೆಯಬೇಕು, ಒಣಗಿದ ಮೇಲೆ ಬಿಳಿ. ಕಪ್ಪು ಬೆಳಕನ್ನು ತಡೆಯುತ್ತದೆ, ಬಿಳಿ ಅದನ್ನು ರೂಮಿನಲ್ಲಿ ಹರಡುತ್ತದೆ. ಗೋಡೆಗಳು ಇನ್ನೂ ಬಿಡಿಬಿಡಿಯಾಗಿ ಮೇಜಿನ ಮೇಲೆ ಬಿದ್ದಿರುವಾಗಲೇ ಇದು ಮುಗಿಯಬೇಕು. ಜೋಡಿಸುವ ಅಂಚಿಗೆ ಬಣ್ಣ ತಾಗಬಾರದು, ಅಂಟು ಹಿಡಿಯುವುದಿಲ್ಲ. ನಾನು ಇದ್ಯಾವುದನ್ನೂ ಮಾಡಿರಲಿಲ್ಲ. ಚಾವಣಿ ಎತ್ತುವಂತಿದ್ದರೆ ಆಮೇಲಾದರೂ ಬ್ರಷ್ ಆಡಿಸಬಹುದಿತ್ತು, ಅದನ್ನೂ ಅಂಟಿಸಿ ಕೂತಿದ್ದೆ. ಬ್ಲೇಡ್ ತೂರಿಸಿ ಎಬ್ಬಿಸಲು ಹೋದಾಗ ಹೆಂಚಿನ ಸಾಲು ಸೀಳಿತು, ಮುಂದಿನ ಗೋಡೆ ಬಿರುಕು ಬಿಟ್ಟಿತು. ಸಾಲದ್ದಕ್ಕೆ ಸೂಪರ್ ಗ್ಲೂವಿನ ಆವಿ ಹೊರಗೆ ಹೋಗಲು ಜಾಗವಿಲ್ಲದೆ ಕಿಟಕಿಯ ಗಾಜಿನಂಥ ಶೀಟಿನ ಮೇಲೆಲ್ಲ ಬೆಳ್ಳಗೆ ಕೂತಿತ್ತು. ಹೆಂಚು, ಕಿಟಕಿ, ಮುಂಗೋಡೆ ಎಲ್ಲ ಮೊದಲಿಂದ.

ಹಾಗಾಗಿ ನಿಮ್ಮ ಪ್ರಶ್ನೆಯೇ ಉಲ್ಟಾ ಅನ್ನಿಸುತ್ತದೆ ನನಗೆ. ಲೈಟ್ ಆಮೇಲೆ ಆರಿಸಿಕೊಳ್ಳಿ. ಬೆಳಕು ಸೋರದ ಹಾಗೆ ಕಟ್ಟಡ ಕಟ್ಟಿ, ಚಾವಣಿಯನ್ನು ಅಂಟಿಸದೆ ಸುಮ್ನೆ ಮೇಲಿಡಿ. ಜಾರದಂತೆ ಒಳಗೆ ನಾಲ್ಕು ರಟ್ಟಿನ ತುಂಡು ಕೊಟ್ಟರೆ ಸಾಕು.

ಲೈಟು ಅಂದರೆ ಬಿಡಿ ಎಲ್‌ಇಡಿ, ಅದೂ 0805 ಅಳತೆಯದು, ಅಂದರೆ ಸುಮಾರು 2 ಮಿ.ಮೀ. ಉದ್ದದ ಪುಟ್ಟ ಚಿಪ್ಪು. ಪುಟಾಣಿ ಬಲ್ಬಿನ ಬಣ್ಣ ಚೆಂದ, ಒಪ್ಪುತ್ತೇನೆ. ಆದರೆ ಬಿಸಿಯಾಗುತ್ತದೆ, ತಾಗಿದರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಸ್ಟ್ರಿಪ್ ಅಂತೂ ಇಡೀ ಕಟ್ಟಡಕ್ಕೆ ಒಂದೇ ಸಮ ಬೆಳಕು ಸುರಿಯುತ್ತದೆ.

ನಮ್ಮವರೆಲ್ಲ ಬೆಳಕು ಜಾಸ್ತಿ ಕೊಡುತ್ತಾರೆ. ಬಿಳಿ ಎಲ್‌ಇಡಿಗೆ ಬೇಕಾಗುವುದು ಸುಮಾರು 3 ವೋಲ್ಟ್. 12 ವೋಲ್ಟಿನ ಅಡಾಪ್ಟರ್ ಆದರೆ ಮಿಕ್ಕ 9 ವೋಲ್ಟನ್ನು ರೆಸಿಸ್ಟರ್, ಅಂದರೆ ಕರೆಂಟ್ ತಡೆಯುವ ಪುಟ್ಟ ಬಿಡಿಭಾಗ, ತಿನ್ನಬೇಕು. 1ಕೆ (ಸಾವಿರ ಓಮ್) ಹಾಕಿದರೆ 9 ಮಿಲಿಆಂಪ್ ಹರಿಯುತ್ತದೆ, ಕಣ್ಣಿಗೆ ಹೊಡೆಯುತ್ತದೆ. 10ಕೆ ಹಾಕಿ ನೋಡಿ, ಸ್ಟೇಷನ್ ಮಾಸ್ಟರ್ ರೂಮಿನಲ್ಲಿ 40 ವ್ಯಾಟಿನ ಬಲ್ಬ್ ಉರಿಯುತ್ತಿದೆ ಅನ್ನಿಸುತ್ತದೆ. ಮನೆಯಲ್ಲಿ ಹಳೇ 5 ವೋಲ್ಟಿನ ಮೊಬೈಲ್ ಚಾರ್ಜರ್ ಬಿದ್ದಿದ್ದರೆ ಅದಕ್ಕೆ 1ಕೆ, 2.2ಕೆ ಸಾಕು. ಪ್ರತಿ ಎಲ್‌ಇಡಿಗೂ ಅದರದೇ ರೆಸಿಸ್ಟರ್ ಇರಲಿ, ಎಲ್ಲಕ್ಕೂ ಸೇರಿಸಿ ಒಂದೇ ಹಾಕಿದರೆ ಒಂದು ಝಗ್ ಅನ್ನುತ್ತದೆ, ಇನ್ನೊಂದು ಮಂಕು. ಹಳಿಯಿಂದ ಕರೆಂಟ್ ಎಳೆಯಲೇಬೇಡಿ. ರೈಲಿನ ವೇಗಕ್ಕೆ ತಕ್ಕಂತೆ ಹಳಿಯ ವೋಲ್ಟ್ ಏರಿಳಿಸುವ ಸಾದಾ ಡಿಸಿ ಕಂಟ್ರೋಲರ್ ಆದರೆ ರೈಲು ನಿಂತ ಕೂಡಲೇ ಊರಿಗೆಲ್ಲ ಕರೆಂಟ್ ಹೋಗುತ್ತದೆ. ಘಟ್ಟದ ಮಳೆಗಾಲ ಅಂತ ಹೇಳಿ ತಪ್ಪಿಸಿಕೊಳ್ಳಬಹುದು, ಬಿಡಿ.

ಬಣ್ಣದ ವಿಷಯಕ್ಕೆ ಬಂದರೆ ವಾರ್ಮ್ ವೈಟ್ (ಹಳದಿ ಛಾಯೆಯ ಬಿಳಿ) ಬಿಟ್ಟು ಬೇರೆ ಮುಟ್ಟಬೇಡಿ ಅನ್ನುವವರು ಬೇಕಾದಷ್ಟು ಜನ ಸಿಗುತ್ತಾರೆ. ನನ್ನ ಹಳೇ ಸ್ಟೇಷನ್ನಿಗೆ ಅದು ಸರಿ. ನಿಮ್ಮದು ಈಗಿನ ಊರು. ಬೇಕರಿ, ಮೆಡಿಕಲ್ ಶಾಪ್, ಮನೆ ಮುಂದಿನ ಜಗಲಿ, ಎಲ್ಲಿ ನೋಡಿದರೂ ಬೆಳ್ಳಗೆ ಉರಿಯುವ ಬಲ್ಬೇ ಅಲ್ವಾ? ಅಂಗಡಿಗೆ ಬಿಳಿ ಹಾಕಿ, ಮನೆಗಳಲ್ಲಿ ಒಂದೆರಡು ಹಳದಿ ಇರಲಿ. ಎಲ್ಲ ಕಿಟಕಿಗೂ ಬೆಳಕು ಬೇಡ. ಒಳಗೆ ಕಪ್ಪು ರಟ್ಟು ಅಡ್ಡ ಇಟ್ಟು ರೂಮು ಮಾಡಿ, ಒಂದೋ ಎರಡೋ ಹಚ್ಚಿ. ಗೋದಾಮು ಕತ್ತಲೆಯಲ್ಲೇ ಇರಲಿ.

ವೈರ್ ಬೆಸೆದೇ ಬರುವ 0805 ಆನ್‌ಲೈನಲ್ಲಿ ಸಿಗುತ್ತವೆ. ಪ್ಯಾಕೆಟ್ಟಿನಿಂದ ತೆಗೆದ ಕೂಡಲೇ 3 ವೋಲ್ಟಿನ ಗುಂಡಿ ಸೆಲ್ಲಿಗೆ ಮುಟ್ಟಿಸಿ ನೋಡಿ, ಪ್ಲಸ್ ವೈರಿಗೆ ಗುರುತು ಹಾಕಿಡಿ. ನಿಮ್ಮ ಎಂಟು ಕಟ್ಟಡಕ್ಕೆ ಇಪ್ಪತ್ತು ಸಾಕು, ಕಿತ್ತುಹೋಗುವುದಕ್ಕೆ ಅಂತ ಇನ್ನೊಂದು ಐದು.