ಪಕ್ಕದ ಮನೆ ನಾಯಿನ ರಾತ್ರಿ ಬಿಚ್ಕೊಂಡು ಬರೋ ಬಗ್ಗೆ

ಮಡಿಕೇರಿ ಮಳೇಲಿ ಪಕ್ಕದ ಮನೆಯವ್ರು ಪೊಮೇರಿಯನ್ನ ಸೌದೆ ಶೆಡ್ ಹಿಂದೆ ಕಟ್ಟಿಹಾಕಿ ಮರ್ತೇಬಿಟ್ಟಿದ್ದಾರೆ, ರಾತ್ರಿ ಬಿಚ್ಕೊಂಡು ಬರ್ಲಾ ಅಂತ ಕೇಳಿದ್ರಲ್ಲ, ದಯವಿಟ್ಟು ಬೇಡ. ಅದು ಕಳ್ಳತನಾನೇ ಆಗುತ್ತೆ, ಕೇಸ್ ನಿಮ್ಮ ಮೇಲೆ, ನಾಯಿ ವಾಪಸ್ ಅದೇ ಚೈನಿಗೆ.

ನಿಮ್ಮ ಕಾಂಪೌಂಡಿಂದಾನೇ ದಿನಾ ಫೋಟೋ ತೆಗ್ದಿಡಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ 11ನೇ ಸೆಕ್ಷನ್ ಪ್ರಕಾರ ಊಟ, ನೀರು, ಸೂರು ಕೊಡ್ದೇ ಇರೋದು, ಓಡಾಡಕ್ಕೂ ಬಿಡ್ದೆ ಸದಾ ಕಟ್ಟಿರೋದು ಎರಡೂ ತಪ್ಪು. ಆದ್ರೆ ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ, ನಗ್ಬೇಕೋ ಅಳ್ಬೇಕೋ! ಅದಕ್ಕೇ ಸ್ಟೇಷನ್‌ಗೆ ಹೋಗೋಕ್ ಮುಂಚೆ ಮಾತಾಡಿ ನೋಡಿ.

ಸೋಮವಾರಪೇಟೆ ಹತ್ರ ಒಂದು ತೋಟದ ಮನೇಲಿ ಇಂಥದ್ದೇ ಒಂದು ಮರಿ ಇತ್ತು, ನಾನು ಬೈಲಿಲ್ಲ, "ಅಣ್ಣ, ನಿಮ್ಗೆ ಕೆಲ್ಸ ಜಾಸ್ತಿ, ನಾನ್ ಸಾಕ್ಲಾ" ಅಂದೆ ಅಷ್ಟೇ, ತಲೆನೋವು ಹೋಯ್ತು ಅನ್ನೋ ಥರ ಕೊಟ್ಬಿಟ್ರು. ಸ್ವಇಚ್ಛೆಯಿಂದ ಕೊಟ್ಟಿದ್ದೀನಿ ಅಂತ ಒಂದು ಹಾಳೇಲಿ ಬರೆಸ್ಕೊಂಡು ಸೈನ್ ಹಾಕಿಸ್ದೆ, ನೀವೂ ಹಾಕಿಸ್ಕೊಳಿ, ನಾಳೆ ಮನಸ್ಸು ಬದಲಾಗುತ್ತೆ. ಮನೇಗ್ ತಂದು ನೋಡಿದ್ರೆ ಕಿವಿ ಒಳಗೆ ಕಾಳುಮೆಣಸು ಗೊಂಚಲು ಥರ ರಕ್ತ ಹೀರೋ ಉಣ್ಣೆ ಹುಳ, ಬೆರಳ ಸಂದೀಲಿ ಜಿಗಣೆ, ಕೂದ್ಲೆಲ್ಲಾ ಗಂಟು. ಒಸಡು ಬೆಳ್ಳಗಿದ್ರೆ ಕಾಯ್ಬೇಡಿ, ಉಣ್ಣೆ ಕಚ್ಚಿ ಬರೋ ಜ್ವರ ಇರ್ಬೋದು, ಪಶು ಆಸ್ಪತ್ರೇಲಿ ರಕ್ತ ಪರೀಕ್ಷೆ ಮಾಡ್ಸಿ. ತುಂಬಾ ಸೊರಗಿದ್ರೆ ಪಾಪ ಅಂತ ಮೊದಲ ದಿನಾನೇ ಹೊಟ್ಟೆ ಬಿರಿಯ ಹಾಕ್ಬೇಡಿ, ಸ್ವಲ್ಪ ಸ್ವಲ್ಪ. ಜ್ವರ ಅಂತ ಮನೆಲಿರೋ ಪ್ಯಾರಾಸಿಟಮಾಲ್ ಅಂತೂ ಕೊಡ್ಲೇಬೇಡಿ.

ಅವ್ರು ಒಪ್ಲಿಲ್ಲ ಅಂದ್ರೆ ಫೋಟೋ ಇಟ್ಕೊಂಡು ಪೊಲೀಸರಿಗೆ ಬರವಣಿಗೇಲಿ ದೂರು ಕೊಟ್ಟು ಸ್ವೀಕೃತಿ ತಗೊಳಿ.