ಕಲ್ಲು ಧೂಳಿನ ರೋಗಕ್ಕೆ ಸರ್ಕಾರಿ ಸಂಶೋಧನಾ ಲ್ಯಾಬ್: ತೂಕದ ಕೋಣೆಯಿಂದ ಶುರು ಮಾಡಿ

ಕ್ವಾರಿ, ಜಲ್ಲಿ ಕ್ರಷರ್ ಹೆಚ್ಚಿರುವ ಜಿಲ್ಲೆಯ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಸಿಲಿಕೋಸಿಸ್ (ಕಲ್ಲು ಧೂಳು ಉಸಿರಾಡಿ ಬರುವ ಶ್ವಾಸಕೋಶದ ರೋಗ) ಸಂಶೋಧನೆಗೆ ಲ್ಯಾಬ್ ಮಾಡಲು ಪ್ರಸ್ತಾವನೆ ಕೇಳಿದ್ದಾರೆ, ಯಾವ ಯಂತ್ರ ಬರೆಯಲಿ, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ನೀವು ಕೊಟ್ಟಿರುವ ಪಟ್ಟಿಯಲ್ಲಿ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಮೊದಲಿದೆ, ಫಿಲ್ಟರ್ ತೂಗುವ ಕೋಣೆ ಇಲ್ಲವೇ ಇಲ್ಲ. ನಾನಾದರೆ ಮೊದಲನೆಯದನ್ನು ಹೊಡೆದುಹಾಕಿ ಎರಡನೆಯದರಿಂದ ಆರಂಭಿಸುತ್ತೇನೆ.

ಯಾಕೆಂದರೆ ಎದೆಯ ಎಕ್ಸ್‌-ರೇ ಯಾವ ಜಿಲ್ಲಾಸ್ಪತ್ರೆಯಲ್ಲಾದರೂ ತೆಗೆಯುತ್ತಾರೆ. ಆ ಎಕ್ಸ್‌-ರೇಯ ಮನುಷ್ಯ ಎಷ್ಟು ಧೂಳು ಕುಡಿದ, ಆ ಧೂಳಿನಲ್ಲಿ ಕ್ವಾರ್ಟ್ಜ್ (ಈ ರೋಗ ತರುವ ಸಿಲಿಕಾ ಖನಿಜ) ಎಷ್ಟಿತ್ತು ಎಂಬ ಅಂಕಿ ಯಾರ ಬಳಿಯೂ ಇರುವುದಿಲ್ಲ. ಒಬ್ಬನೇ ಕಾರ್ಮಿಕನ ಎದೆ ಚಿತ್ರ ಮತ್ತು ಅವನ ಧೂಳಿನ ಲೆಕ್ಕ, ಇವೆರಡನ್ನೂ ಒಂದೇ ಸಂಖ್ಯೆಯ ಕೆಳಗೆ ವರ್ಷಗಟ್ಟಲೆ ಇಟ್ಟುಕೊಂಡು ಹೋಗುವುದೇ ಈ ಲ್ಯಾಬಿನ ಕೆಲಸ. ಕೋಲಾರ ಚಿನ್ನದ ಗಣಿಯಲ್ಲಿ 1940ರ ದಶಕದಲ್ಲಿ 7,653 ಕಾರ್ಮಿಕರನ್ನು ಪರೀಕ್ಷಿಸಿ ಶೇ. 43.7 ಮಂದಿಗೆ ಸಿಲಿಕೋಸಿಸ್ ಇದೆ ಎಂದು ವರದಿಯಾಯಿತು. ಒಂದೇ ಊರು, ಒಂದೇ ಕಂಪನಿ, ಹೆಸರು ನೋಂದಾಯಿಸಿದ ಕಾರ್ಮಿಕರು ಇದ್ದದ್ದರಿಂದ ಅಂಥ ಎಣಿಕೆ ಆಯಿತು. ನಿಮ್ಮ ಕ್ರಷರ್‌ಗಳಲ್ಲಿ ಈ ಅನುಕೂಲ ಯಾವುದೂ ಇಲ್ಲ ಎಂಬುದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಪ್ರಸ್ತಾವನೆಗೆ ಕೈ ಹಾಕುವ ಮುಂಚೆ ಎರಡು ವಿಚಾರ ತಿಳಿದುಕೊಳ್ಳಿ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಅಡಿಯಲ್ಲಿದೆ. ಅದರ ದಕ್ಷಿಣ ಪ್ರಾದೇಶಿಕ ಕೇಂದ್ರ ಬೆಂಗಳೂರಿನಲ್ಲೇ ಇದೆ. 1990ರಲ್ಲಿ ಕೆಜಿಎಫ್‌ನಲ್ಲಿ ನೆಲೆಯಿಟ್ಟು ಶುರುವಾದ ರಾಷ್ಟ್ರೀಯ ಗಣಿ ಕಾರ್ಮಿಕರ ಆರೋಗ್ಯ ಸಂಸ್ಥೆಯನ್ನು 2019ರಲ್ಲಿ ಅಹಮದಾಬಾದಿನ ಸಂಸ್ಥೆಗೇ ಸೇರಿಸಿದರು. ಅವರಲ್ಲಿರುವ ದೊಡ್ಡ ಯಂತ್ರವನ್ನೇ ನೀವೂ ಕೇಳಿದರೆ ಆರ್ಥಿಕ ಇಲಾಖೆ ಕಡತ ವಾಪಸ್ ಕಳಿಸುತ್ತದೆ, ಕಳಿಸಬೇಕಾದ್ದೇ. ಇನ್ನೊಂದು ವಿಚಾರ ಅಧಿಕಾರ ವ್ಯಾಪ್ತಿಯದು. ಕ್ವಾರಿ ಗಣಿ ಕಾನೂನಿಗೆ ಸೇರುತ್ತದೆ, ಅದನ್ನು ನೋಡಿಕೊಳ್ಳುವುದು ಕೇಂದ್ರದ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ. ಪಕ್ಕದಲ್ಲೇ ಇರುವ ಕ್ರಷರ್ ಕಾರ್ಖಾನೆ. ಅದು ರಾಜ್ಯದ ಕಾರ್ಖಾನೆ, ಬಾಯ್ಲರು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಗೆ. ಅದೇ ಆಳು ಬೆಳಿಗ್ಗೆ ಕುಳಿ ಕೊರೆದು ಮಧ್ಯಾಹ್ನ ಕ್ರಷರ್ ಹಾಪರ್ ಹತ್ತಿರ ನಿಂತಿರುತ್ತಾನೆ. ಎರಡೂ ಕಡೆಯಿಂದ ಒಳಗೆ ಹೋಗಲು ಲಿಖಿತ ಒಪ್ಪಿಗೆ ಇರದಿದ್ದರೆ ನಿಮ್ಮ ಪಂಪುಗಳು ಬೀರುವಿನಲ್ಲೇ ಕೂತಿರುತ್ತವೆ.

ಈಗ ಧೂಳು ಹಿಡಿಯುವುದು. ಮೂಲೆಯಲ್ಲಿ ಯಂತ್ರ ನಿಲ್ಲಿಸಿ ಗಾಳಿ ಎಳೆಯುವುದಲ್ಲ. ಕಾರ್ಮಿಕನ ಸೊಂಟಕ್ಕೆ ಬ್ಯಾಟರಿ ಪಂಪ್, ಅಂಗಿಯ ಕಾಲರ್ ಹತ್ತಿರ, ಅಂದರೆ ಉಸಿರಾಡುವ ಜಾಗದಲ್ಲಿ, ಸೈಕ್ಲೋನ್ ಮತ್ತು 37 ಮಿ.ಮೀ. ಪಿವಿಸಿ ಫಿಲ್ಟರ್ ಇರುವ ಕ್ಯಾಸೆಟ್. ಫಿಲ್ಟರಿನ ರಂಧ್ರ 5 ಮೈಕ್ರಾನ್. ಶ್ವಾಸಕೋಶದ ಆಳಕ್ಕೆ ಇಳಿಯುವಷ್ಟು ಸಣ್ಣ ಕಣವನ್ನು ಮಾತ್ರ ಒಳಗೆ ಬಿಡುವುದು ಸೈಕ್ಲೋನ್ ಕೆಲಸ, ಆದರೆ ಅದರ ಹರಿವು ಸರಿಯಾಗಿದ್ದರೆ ಮಾತ್ರ. 10 ಮಿ.ಮೀ. ನೈಲಾನ್ ಸೈಕ್ಲೋನಿಗೆ ನಿಮಿಷಕ್ಕೆ 1.7 ಲೀಟರ್, ಅಲ್ಯೂಮಿನಿಯಂನದಕ್ಕೆ 2.5 ಲೀಟರ್. ಹರಿವು ಇಳಿದರೆ ದಪ್ಪ ಕಣವೂ ಒಳಗೆ ಬಂದು ತೂಕ ಸುಳ್ಳು ಹೇಳುತ್ತದೆ. ಆದ್ದರಿಂದ ಸೈಕ್ಲೋನ್ ಜೋಡಿಸಿಯೇ, ಪಾಳಿಗೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಹರಿವು ಅಳೆಯಿರಿ, ಶೇ. 5ಕ್ಕಿಂತ ಹೆಚ್ಚು ವ್ಯತ್ಯಾಸ ಬಂದ ಮಾದರಿ ಬಿಸಾಡಿ.

ಹೊಸಬರು ಹೆಚ್ಚಾಗಿ ಕೆಡಿಸುವುದು ಒಂದೇ ಜಾಗದಲ್ಲಿ. ಸಂಜೆ ಪಂಪ್ ಬಿಚ್ಚುವಾಗ ಕಾರ್ಮಿಕ ಬೆಲ್ಟ್ ಸಮೇತ ಎಲ್ಲವನ್ನೂ ತಲೆಕೆಳಗಾಗಿ ಕೈಗೆ ಕೊಡುತ್ತಾನೆ. ಸೈಕ್ಲೋನಿನ ತಳದ ಟೊಪ್ಪಿಯಲ್ಲಿ ಬಿದ್ದಿದ್ದ ದಪ್ಪ ಪುಡಿ ಮೇಲೆ ಹೋಗಿ ಫಿಲ್ಟರಿಗೆ ಅಂಟುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ, ಆದರೆ ಇಡೀ ದಿನದ ಮಾದರಿ ಹಾಳು. ಆದ್ದರಿಂದ ಬಿಚ್ಚುವುದು ನಿಮ್ಮ ಕ್ಷೇತ್ರ ಸಹಾಯಕನೇ ಆಗಿರಬೇಕು, ನೆಟ್ಟಗೆ ಹಿಡಿದು ಮೊದಲು ಕ್ಯಾಸೆಟ್ ಕಳಚಿ ಎರಡೂ ಬಿರಡೆ ಹಾಕಬೇಕು. ಎರಡನೆಯ ತೊಂದರೆ, ಫಿಲ್ಟರ್ ತುಂಬಿ ಹೋಗುವುದು. ಒಂದು ಫಿಲ್ಟರಿಗೆ 2 ಮಿಲಿಗ್ರಾಂ ಧೂಳು ಮಿತಿ. ಗಾಳಿಯಲ್ಲಿ ಘನ ಮೀಟರಿಗೆ 3 ಮಿಲಿಗ್ರಾಂ ಇದ್ದರೆ 1.7 ಲೀಟರ್ ಲೆಕ್ಕದಲ್ಲಿ 8 ಗಂಟೆಗೆ ಸುಮಾರು 2.4 ಮಿಲಿಗ್ರಾಂ ಕೂರುತ್ತದೆ. ಊಟದ ಹೊತ್ತಿಗೆ ಕ್ಯಾಸೆಟ್ ಬದಲಿಸಿಬಿಡಿ. ಹೋಲಿಕೆಗಾಗಿ ಪ್ರತಿ ದಿನ ಎರಡು ಖಾಲಿ ಫಿಲ್ಟರ್, ಗಾಳಿ ಎಳೆಯದೆ, ಸ್ಥಳಕ್ಕೆ ಹೋಗಿ ಬರಲಿ.

ಪಾಳಿಗೆ ಮುಂಚೆ ಮತ್ತು ಆಮೇಲೆ ಫಿಲ್ಟರ್ ತೂಗಿ ಎಷ್ಟು ಧೂಳು ಕೂತಿದೆ ಎಂದು ತಿಳಿಯುವ ತೂಕದ ಕೋಣೆ ಅಂದರೆ 1 ಮೈಕ್ರೋಗ್ರಾಂ ತೋರಿಸುವ ಮೈಕ್ರೋಬ್ಯಾಲೆನ್ಸ್, ಅದರ ಕೆಳಗೆ ಗೋಡೆಗೆ ತಾಗದಂತೆ ನಿಲ್ಲಿಸಿದ ದಪ್ಪ ಗ್ರಾನೈಟ್ ಮೇಜು, 20 ಡಿಗ್ರಿ ಉಷ್ಣತೆ, ಶೇ. 50ರ ಆಸುಪಾಸಿನ ತೇವಾಂಶ. ಫಿಲ್ಟರ್ ಆ ಗಾಳಿಗೆ ಕನಿಷ್ಠ 2 ಗಂಟೆ ಹೊಂದಿಕೊಳ್ಳಬೇಕು. ಪಿವಿಸಿಗೆ ತೇವದ ಕಾಟ ಕಡಿಮೆ, ಸ್ಥಿರ ವಿದ್ಯುತ್ತಿನ ಕಾಟ ವಿಪರೀತ. ತೂಗುವ ಮುಂಚೆ ಆ ವಿದ್ಯುತ್ತನ್ನು ಕಳೆಯುವ ಅಯೋನೈಸರ್ ಮುಂದೆ ಹಿಡಿಯದಿದ್ದರೆ ಅಂಕಿ ಒಂದು ಕಡೆ ನಿಲ್ಲುವುದಿಲ್ಲ. ರಾತ್ರಿ ಕರೆಂಟ್ ಹೋಗಿ ಎಸಿ ನಿಂತರೆ ಬೆಳಿಗ್ಗೆ ತೂಗಬೇಡಿ. ಎಸಿ ಮತ್ತು ತೇವಾಂಶ ಯಂತ್ರಕ್ಕೆ ಜನರೇಟರ್ ಲೈನ್ ಎಳೆಸಬೇಕೆಂದು ಸಿವಿಲ್ ಅಂದಾಜಿನಲ್ಲೇ ಬರೆಸಿ, ಆಮೇಲೆ ಅದನ್ನು ಯಾರೂ ಮಂಜೂರು ಮಾಡುವುದಿಲ್ಲ.

ಕ್ವಾರ್ಟ್ಜ್ ಅಳೆಯುವುದಕ್ಕೆ ಎರಡು ದಾರಿ, ಎಕ್ಸ್-ಕಿರಣ ಹೇಗೆ ಚದುರುತ್ತದೆ ಎಂದು ನೋಡುವುದು ಮತ್ತು ಅತಿಗೆಂಪು ಬೆಳಕು ಎಷ್ಟು ಹೀರುತ್ತದೆ ಎಂದು ನೋಡುವುದು, ಅಂದರೆ ಕ್ರಮವಾಗಿ ಎಕ್ಸ್‌ಆರ್‌ಡಿ ಮತ್ತು ಎಫ್‌ಟಿಐಆರ್. ಮೊದಲು ಎಫ್‌ಟಿಐಆರ್ ತೆಗೆದುಕೊಳ್ಳಿ. ಬೆಲೆ ಎಷ್ಟೋ ಕಡಿಮೆ, ವಿಕಿರಣದ ಪರವಾನಗಿ ಬೇಡ, ರಸಾಯನಶಾಸ್ತ್ರದ ಎಂಎಸ್ಸಿ ಮಾಡಿದವರು ಬೇಗ ಹಿಡಿತಕ್ಕೆ ತರುತ್ತಾರೆ. ವಿಧಾನ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಶೋಧನಾ ಸಂಸ್ಥೆ ನಿಯೋಶ್‌ನ 7602: ಫಿಲ್ಟರನ್ನು ಪಿಂಗಾಣಿ ಮೂಸೆಯಲ್ಲಿ 600 ಡಿಗ್ರಿಯಲ್ಲಿ 2 ಗಂಟೆ ಸುಟ್ಟು, ಉಳಿದ ಬೂದಿಯನ್ನು 110 ಡಿಗ್ರಿಯಲ್ಲಿ ಒಣಗಿಸಿಟ್ಟ 300 ಮಿಲಿಗ್ರಾಂ ಪೊಟ್ಯಾಸಿಯಂ ಬ್ರೋಮೈಡ್ ಜೊತೆ ಅರೆದು, 13 ಮಿ.ಮೀ. ಬಿಲ್ಲೆ ಒತ್ತಿ, ಬಿಲ್ಲೆಯನ್ನು 45 ಡಿಗ್ರಿಯಂತೆ ತಿರುಗಿಸುತ್ತಾ ನಾಲ್ಕು ಸಲ ಸ್ಕ್ಯಾನ್ ಮಾಡುವುದು. ಗ್ರಾಫಿನಲ್ಲಿ ತರಂಗಸಂಖ್ಯೆ 800ರ ಹತ್ತಿರ ಕಾಣುವ ಜೋಡಿ ಶಿಖರವೇ ಕ್ವಾರ್ಟ್ಜ್. ಮಳೆಗಾಲದಲ್ಲಿ ಬ್ರೋಮೈಡ್ ನೀರು ಹೀರಿ ಬಿಲ್ಲೆ ಮಬ್ಬಾಗುತ್ತದೆ, ಹಾಗಾದರೆ ಮತ್ತೆ ಒಣಗಿಸಿ ಒತ್ತಬೇಕು, ಬೇರೆ ಉಪಾಯವಿಲ್ಲ. ಕಲಬುರಗಿ ಕಡೆಯ ಸುಣ್ಣದ ಕಲ್ಲಿನ ಧೂಳಾದರೆ ಸುಡುವಾಗ ಕ್ಯಾಲ್ಸಿಯಂ ಸಿಲಿಕಾದೊಂದಿಗೆ ಕೂಡಿ ಕ್ವಾರ್ಟ್ಜ್ ಕಡಿಮೆ ತೋರಿಸುತ್ತದೆ, ಕ್ಯಾಲ್ಸೈಟ್ ಶೇ. 20 ಮೀರಿದರೆ ಸುಡುವ ಮುಂಚೆ ಶೇ. 9ರ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೊಳೆಯಬೇಕು. ಹೋಲಿಸಿ ಅಳೆಯುವ ಮಾನದಂಡಕ್ಕೆ ಲ್ಯಾಬಿನಲ್ಲೇ ಮರಳು ಅರೆದು ಬಳಸುವ ಆಸೆ ಬೇಡ. ಕಣದ ಗಾತ್ರ ದಪ್ಪವಾದಷ್ಟೂ ಶಿಖರ ಕುಗ್ಗುತ್ತದೆ, ಆಗ ಅಷ್ಟೂ ಮಾದರಿಗಳ ಫಲಿತಾಂಶ ಏರುಪೇರು. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ ಕೊಡುವ ಎಸ್‌ಆರ್‌ಎಂ 1878 ಸರಣಿಯ ಕ್ವಾರ್ಟ್ಜ್ ತರಿಸಿ.

ಗ್ರಾನೈಟ್ ಧೂಳಿನಲ್ಲಿ ಫೆಲ್ಡ್‌ಸ್ಪಾರ್ ಸಾಕಷ್ಟಿದ್ದು ಶಿಖರದ ಬುಡವನ್ನು ಕೆಡಿಸುತ್ತದೆ. ಅದಕ್ಕಾಗಿ ಹತ್ತರಲ್ಲಿ ಒಂದು ಸ್ಥಳದ ಜೋಡಿ ಮಾದರಿಯನ್ನು ಎಕ್ಸ್‌ಆರ್‌ಡಿ ಇರುವ ಕಡೆ ಕಳಿಸಿ ತಾಳೆ ನೋಡಿ. ಕಲ್ಲನ್ನೇ ಪುಡಿ ಮಾಡಿ ಕ್ವಾರ್ಟ್ಜ್ ಶೇಕಡಾ ತೆಗೆದು ಧೂಳಿಗೂ ಅದನ್ನೇ ಅನ್ವಯಿಸುವವರಿದ್ದಾರೆ. ಗಟ್ಟಿಯಾದ ಕ್ವಾರ್ಟ್ಜ್ ಸಣ್ಣ ಕಣದಲ್ಲಿ ಅದೇ ಪ್ರಮಾಣದಲ್ಲಿ ಇರುವುದಿಲ್ಲ, ಹಾಗೆ ಮಾಡಬೇಡಿ. 1948ರ ಕಾರ್ಖಾನೆ ಕಾಯ್ದೆಯ ಎರಡನೇ ಅನುಸೂಚಿಯಲ್ಲಿದ್ದ ಸೂತ್ರ ನೋಡಿದರೆ ಇದು ಎಷ್ಟು ಮುಖ್ಯ ಅಂತ ಗೊತ್ತಾಗುತ್ತದೆ: ಉಸಿರಿಗಿಳಿಯುವ ಧೂಳಿನ ಮಿತಿ ಘನ ಮೀಟರಿಗೆ ಇಷ್ಟು ಮಿಲಿಗ್ರಾಂ ಎಂದು ತಿಳಿಯಲು, ಕ್ವಾರ್ಟ್ಜ್ ಶೇಕಡಾಕ್ಕೆ 2 ಕೂಡಿಸಿ, 10ನ್ನು ಅದರಿಂದ ಭಾಗಿಸಬೇಕು. ಧೂಳಿನಲ್ಲಿ ಶೇ. 30 ಕ್ವಾರ್ಟ್ಜ್ ಇದ್ದರೆ ಮಿತಿ 0.31. ಚಾಮರಾಜನಗರದ ಕಪ್ಪು ಗ್ರಾನೈಟ್ ನಿಜಕ್ಕೂ ಡೋಲರೈಟ್, ಕ್ವಾರ್ಟ್ಜ್ ಬಹಳ ಕಡಿಮೆ, ಶೇ. 3 ಎಂದುಕೊಂಡರೆ ಮಿತಿ 2 ಮಿಲಿಗ್ರಾಂ. ಇಳಕಲ್ಲಿನ ಕೆಂಪು ಗ್ರಾನೈಟ್ ಘಟಕವನ್ನೂ ಇದನ್ನೂ ಬರೀ ಧೂಳಿನ ತೂಕದಲ್ಲಿ ಹೋಲಿಸಿದರೆ ಅರ್ಥವೇ ಇಲ್ಲ. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾ 2016ರಲ್ಲಿ ಕ್ವಾರ್ಟ್ಜನ್ನೇ ನೇರವಾಗಿ ಘನ ಮೀಟರಿಗೆ 50 ಮೈಕ್ರೋಗ್ರಾಂಗೆ ಕಟ್ಟಿಹಾಕಿತು. 1.7 ಲೀಟರ್ ಪಂಪಿನಲ್ಲಿ ಪೂರ್ತಿ ಪಾಳಿಗೆ ಅದು ಫಿಲ್ಟರಿನಲ್ಲಿ 41 ಮೈಕ್ರೋಗ್ರಾಂ ಆಗುತ್ತದೆ. ನಿಮ್ಮ ಎಫ್‌ಟಿಐಆರ್ 10 ಮೈಕ್ರೋಗ್ರಾಮನ್ನು ನಂಬಿಕೆಯಿಂದ ತೋರಿಸುವಂತಿರಬೇಕು.

ವೈದ್ಯಕೀಯ ಭಾಗಕ್ಕೆ ಹೊಸ ಕಟ್ಟಡ ಬೇಡ, ಕಾಲೇಜಿನ ರೇಡಿಯಾಲಜಿ ವಿಭಾಗವೇ ಸಾಕು. ಬೇಕಾದ್ದು ಐಎಲ್‌ಒ (ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ) ವರ್ಗೀಕರಣದ ಮಾದರಿ ಎದೆ ಚಿತ್ರಗಳ ಡಿಜಿಟಲ್ ಸೆಟ್, ವೈದ್ಯಕೀಯ ದರ್ಜೆಯ ಮಾನಿಟರ್, ಮತ್ತು ಅದನ್ನು ಓದಲು ತರಬೇತಾದ ಇಬ್ಬರು. ಇಬ್ಬರೂ ಬೇರೆ ಬೇರೆ ಓದಬೇಕು, ಕಾರ್ಮಿಕನ ಕೆಲಸ ಏನೆಂದು ತಿಳಿಯದೆ, ಒಪ್ಪದಿದ್ದರೆ ಮೂರನೆಯವರು. ಅತಿ ಸಣ್ಣ ಚುಕ್ಕೆ 1.5 ಮಿ.ಮೀ. ಒಳಗಿನದು. ಫೋನಿನಲ್ಲಿ ಬಂದ ಜೆಪೆಗ್‌ನಲ್ಲಿ ಅದು ಕಾಣದು, ಯಂತ್ರದಿಂದ ಬರುವ ಮೂಲ ಡೈಕಾಮ್ ಕಡತವೇ ಬೇಕು. ಶಿಬಿರದ ವ್ಯಾನಿನಲ್ಲಿರುವ ಕಡಿಮೆ ಶಕ್ತಿಯ ಯಂತ್ರದಲ್ಲಿ ಎಕ್ಸ್‌ಪೋಷರ್ ಸಮಯ ಉದ್ದವಾಗಿ ಎದೆ ಬಡಿತಕ್ಕೇ ಚಿತ್ರ ಮಸುಕಾಗುತ್ತದೆ. ಅಂಥದ್ದನ್ನು ಲೆಕ್ಕಕ್ಕೆ ಹಿಡಿಯುವುದಕ್ಕಿಂತ ಕಾರ್ಮಿಕರನ್ನು ಬಸ್ಸಿನಲ್ಲಿ ಕಾಲೇಜಿಗೆ ಕರೆತರುವುದೇ ಲೇಸು. ಉಸಿರಾಟದ ಸಾಮರ್ಥ್ಯ ಅಳೆಯುವ ಸ್ಪೈರೋಮೀಟರನ್ನು ದಿನಾ 3 ಲೀಟರ್ ಸಿರಿಂಜಿನಿಂದ ಪರೀಕ್ಷಿಸಿ, ಶೇ. 3ರೊಳಗೆ ಬರಬೇಕು. ಮೂರು ಒಪ್ಪುವಂಥ ಊದು, ಅದರಲ್ಲಿ ಅತ್ಯುತ್ತಮ ಎರಡರ ನಡುವೆ 150 ಮಿ.ಲೀ. ಮೀರಿದ ಅಂತರ ಇರಕೂಡದು.

ಕ್ಷಯವನ್ನು ಬಿಟ್ಟು ಈ ಸಂಶೋಧನೆ ನಡೆಯುವುದೇ ಇಲ್ಲ. ಸಿಲಿಕಾ ಹೊಕ್ಕ ಶ್ವಾಸಕೋಶಕ್ಕೆ ಕ್ಷಯ ಸುಲಭವಾಗಿ ತಗಲುತ್ತದೆ, ಜೊತೆಗೆ ಸಿಲಿಕೋಸಿಸ್ಸನ್ನೇ ಕ್ಷಯ ಎಂದು ಬರೆದು ಮತ್ತೆ ಮತ್ತೆ ಔಷಧಿ ಕೊಟ್ಟಿರುವುದೂ ಉಂಟು. ಎದೆ ಚಿತ್ರದಲ್ಲಿ ಕಲೆ ಕಂಡ ಪ್ರತಿಯೊಬ್ಬರ ಕಫವೂ ಕ್ಷಯದ ಜೀನ್ ಪರೀಕ್ಷೆಯಾದ ಟ್ರೂನ್ಯಾಟ್ ಅಥವಾ ಸಿಬಿನ್ಯಾಟ್‌ಗೆ ಹೋಗಲಿ. ಅಹಮದಾಬಾದ್ ಸಂಸ್ಥೆ ರೂಪಿಸಿದ ಸಿಸಿ16 ರಕ್ತ ಪರೀಕ್ಷೆ (ಸಿಲಿಕೋಸಿಸ್ ಆದಾಗ ಇಳಿಯುವ ಶ್ವಾಸಕೋಶದ ಒಂದು ಪ್ರೋಟೀನಿನ ಅಳತೆ) ಯಾರನ್ನು ಮೊದಲು ನೋಡಬೇಕು ಎಂದು ಆರಿಸಲು ನೆರವಾಗುತ್ತದೆ, ಆದರೆ ಬೀಡಿ ಸೇದುವವರಲ್ಲೂ ಅದು ಇಳಿದಿರುತ್ತದೆ. ಅದೊಂದನ್ನೇ ನಂಬಿ ರೋಗ ಬರೆಯಬೇಡಿ.

ಒಪ್ಪಿಗೆ ಪತ್ರದಲ್ಲಿ ಒಂದು ತೊಡಕಿದೆ. ಸಿಲಿಕೋಸಿಸ್ ಅಧಿಸೂಚಿತ ರೋಗ, ಕಂಡರೆ ವೈದ್ಯರು ಇಲಾಖೆಗೆ ತಿಳಿಸಲೇಬೇಕು. ಇತ್ತ ಮಾಲೀಕನಿಗೆ ಹೆಸರು ಗೊತ್ತಾದರೆ ಮಾರನೇ ದಿನವೇ ಕೆಲಸ ಹೋಗುತ್ತದೆ, ಮುಂದಿನ ಶಿಬಿರಕ್ಕೆ ಯಾರೂ ಬರುವುದಿಲ್ಲ. ಯಾರಿಗೆ ಏನು ಹೋಗುತ್ತದೆ ಎಂದು ಕನ್ನಡದಲ್ಲಿ, ಜೊತೆಗೆ ಹೊರ ರಾಜ್ಯದವರಿದ್ದರೆ ಅವರ ಭಾಷೆಯಲ್ಲಿ, ಬರೆದು ಓದಿ ಹೇಳಿ. ನೈತಿಕ ಸಮಿತಿ ಮೊದಲು ಕೇಳುವುದೂ ಇದನ್ನೇ. ಈ ರೋಗ ಸಾಮಾನ್ಯವಾಗಿ 10 ವರ್ಷದ ಮೇಲೆ ಕಾಣಿಸುತ್ತದೆ, ಅಷ್ಟರಲ್ಲಿ ಆಳು ಊರು ಸೇರಿರುತ್ತಾನೆ. ಇ-ಶ್ರಮ್ ಸಂಖ್ಯೆ, ಸ್ವಂತ ಊರು, ಮನೆಯ ಇನ್ನೊಬ್ಬರ ಫೋನ್, ಯಾವ ವರ್ಷ ಯಾವ ಯಂತ್ರದ ಮೇಲೆ ಎಂಬ ಕೆಲಸದ ಚರಿತ್ರೆ, ಇಷ್ಟನ್ನು ಮೊದಲ ದಿನವೇ ಬರೆದುಕೊಳ್ಳಿ.

ಹುದ್ದೆಗಳ ವಿಷಯದಲ್ಲಿ ಜಗ್ಗಬೇಡಿ. ಒಬ್ಬ ಔದ್ಯೋಗಿಕ ಸ್ವಾಸ್ಥ್ಯ ತಜ್ಞ, ಒಬ್ಬ ರಸಾಯನ ತಜ್ಞ, ಇಬ್ಬರು ಕ್ಷೇತ್ರ ಸಹಾಯಕರು, ಒಬ್ಬ ದತ್ತಾಂಶ ನಿರ್ವಾಹಕ. ಇವರಲ್ಲಿ ರಸಾಯನ ತಜ್ಞರ ಹುದ್ದೆಯನ್ನಾದರೂ ಖಾಯಂ ಕೇಳಿ. 11 ತಿಂಗಳ ಹೊರಗುತ್ತಿಗೆಯವರು ಕಲಿತು ಕೈ ಕೂರುವ ಹೊತ್ತಿಗೆ ಬಿಟ್ಟು ಹೋಗುತ್ತಾರೆ, ಯಂತ್ರಕ್ಕೆ ಧೂಳು ಹತ್ತುತ್ತದೆ. ಟೆಂಡರಿನಲ್ಲಿ ಯಂತ್ರದ ಬೆಲೆಯ ಜೊತೆಗೇ ಐದು ವರ್ಷದ ಸಮಗ್ರ ನಿರ್ವಹಣೆ, ಫಿಲ್ಟರ್, ಕ್ಯಾಸೆಟ್, ಪಂಪ್ ಬ್ಯಾಟರಿಗಳ ದರವನ್ನೂ ಸೇರಿಸಿ ಕಡಿಮೆ ಬೆಲೆ ಯಾರದೆಂದು ನಿರ್ಧರಿಸಿ, ಬಳಕೆ ವಸ್ತುವಿಗೆ ಪ್ರತ್ಯೇಕ ವಾರ್ಷಿಕ ಲೆಕ್ಕ ಶೀರ್ಷಿಕೆ ಕೇಳಿ. ಐಎಸ್‌ಒ 17025ರ ಪ್ರಕಾರ ಎನ್‌ಎಬಿಎಲ್ ಪ್ರಯೋಗಾಲಯ ಮಾನ್ಯತೆಗೆ ಅರ್ಜಿ ಹಾಕುವ ಮುಂಚೆಯೇ ಹೊರಗಿನ ಪ್ರಾವೀಣ್ಯ ಪರೀಕ್ಷೆಗೆ ಸೇರಿಕೊಳ್ಳಿ. ಸಿಲಿಕಾ ಫಿಲ್ಟರುಗಳಿಗೆ ಅಮೆರಿಕದ ಎಐಎಚ್‌ಎ, ಬ್ರಿಟನ್ನಿನ ಎಲ್‌ಜಿಸಿ ನಡೆಸುವ ಯೋಜನೆಗಳಿವೆ. ಶುಲ್ಕ ವಿದೇಶಿ ಹಣದಲ್ಲಿ ಕಟ್ಟಬೇಕಾದ್ದರಿಂದ ಅದರ ಅನುಮತಿ ಪತ್ರವನ್ನು ಯಂತ್ರದ ಖರೀದಿ ಕಡತದ ಜೊತೆಗೇ ಚಲಾಯಿಸಿ.